ಮಲೆನಾಡಿನ ಹಿತ್ತಲಿಗೆ ಏರುಮಡಿ: ಮಣ್ಣು ಯಾಕೆ ಎತ್ತರಿಸಬೇಕು, ಹೇಗೆ ಎತ್ತರಿಸಬೇಕು

2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು, ನೆನಪಿದೆ ಅಲ್ವಾ? ಆವತ್ತಿನಿಂದ ನನ್ನ ಪರಿಚಯದವರಲ್ಲಿ ಮನೆಯಲ್ಲೇ ತರಕಾರಿ ಬೆಳೆಯುವ ಮಾತು ಜಾಸ್ತಿಯಾಗಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಮನೆಗಳಿಗೆ ಹಿತ್ತಲು ಹೊಸದಲ್ಲ. ಹೊಸದಾಗಿ ಕೈ ಹಾಕಿರುವವರು ಶಿವಮೊಗ್ಗದ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡವರು. ಮೊಬೈಲಿನಲ್ಲಿ 'ರೈಸ್ಡ್ ಬೆಡ್' ವಿಡಿಯೊ ನೋಡುತ್ತಾರೆ, ಇಟ್ಟಿಗೆ ಕಟ್ಟಿಸುತ್ತಾರೆ, ಮಣ್ಣು ತುಂಬಿಸುತ್ತಾರೆ. ಮೇ ತಿಂಗಳಲ್ಲಿ ನಳನಳಿಸುವ ಗಿಡ ಜುಲೈ ಹೊತ್ತಿಗೆ ಹಳದಿಯಾಗಿ ಮಲಗುತ್ತದೆ.

ವಿನೋಬನಗರದಲ್ಲಿರುವ ನನ್ನ ಅತ್ತಿಗೆಗೂ ಹೀಗೇ ಆಯಿತು. ಗೋಡೆ ಪಕ್ಕ ಸೊಂಟದೆತ್ತರದ ಕಟ್ಟೆ ಕಟ್ಟಿಸಿ, ತಳಕ್ಕೆ ಸಿಮೆಂಟ್ ಹಾಕಿಸಿ, ಮುಕ್ಕಾಲು ಪಾಲು ತೆಂಗಿನ ನಾರಿನ ಪುಡಿ ತುಂಬಿದ್ದರು. ಆರಿದ್ರಾ ಮಳೆ ಹಿಡಿದ ಎರಡನೇ ವಾರಕ್ಕೆ ಮೆಣಸಿನಕಾಯಿ ಸಸಿಗಳೆಲ್ಲ ಬಾಡಿದವು. "ಗೊಬ್ಬರ ಸಾಲಲಿಲ್ಲವೇನೋ ಅಂತ ಇನ್ನೂ ಎರಡು ಬೊಗಸೆ ಹಾಕಿದೆ ಮಾರಾಯ್ತಿ, ಇನ್ನೂ ಬಾಡಿತು" ಎಂದರು. ಒಂದು ಸಸಿ ಕಿತ್ತು ನೋಡಿದೆ. ಬೆಳ್ಳಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂತು, ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯಿತು. ಮೂಗಿನ ಹತ್ತಿರ ಹಿಡಿದರೆ ಬಚ್ಚಲ ಗುಂಡಿಯ ವಾಸನೆ. ಆ ಗಿಡಕ್ಕೆ ಕಮ್ಮಿಯಾಗಿದ್ದು ಗೊಬ್ಬರ ಅಲ್ಲ, ಗಾಳಿ.

ಏರುಮಡಿ ಎಂದರೆ

ನೆಲದ ಮಟ್ಟಕ್ಕಿಂತ ಮೇಲೆ ಮಣ್ಣು ಏರಿಸಿ, ಅದರ ಮೇಲೆ ಗಿಡ ನೆಡುವುದೇ ಏರುಮಡಿ. ಸುತ್ತ ಅಂಚು ಇರಬಹುದು, ಇಲ್ಲದೆಯೂ ಇರಬಹುದು. ಕೃಷಿ ವಿಜ್ಞಾನ ಕೇಂದ್ರದವರ ಪುಸ್ತಿಕೆಗಳಲ್ಲೂ ಇದೇ ಪದ ಸಿಗುತ್ತದೆ. ನಮಗೆ ಇದು ಹೊಸ ವಿದ್ಯೆಯೇನಲ್ಲ. ಶುಂಠಿ ಬೆಳೆಯುವವರು ಮಡಿ ಏರಿಸದೆ ಬಿತ್ತನೆ ಹಾಕುವುದಿಲ್ಲ. ಅಡಿಕೆ ತೋಟದಲ್ಲಿ ಸಾಲುಗಳ ನಡುವೆ ಬಸಿಗಾಲುವೆ ತೋಡಿ, ಪ್ರತಿ ವರ್ಷ ಮಳೆಗೆ ಮುಂಚೆ ಅದರ ಹೂಳು ಎತ್ತುವುದೂ ಇದೇ ಲೆಕ್ಕ. ಕಾಲುವೆ ಕೆಳಗೆ ಹೋದಷ್ಟೂ ಮರ ನಿಂತ ನೆಲ ಮೇಲೆ ಬಂದಂತೆ.

ಚಳಿ ಜಾಸ್ತಿ ಇರುವ ದೇಶಗಳ ವಿಡಿಯೊಗಳಲ್ಲಿ ಏರುಮಡಿಯನ್ನು ಬೇರೆ ಕಾರಣಕ್ಕೆ ಮಾಡುತ್ತಾರೆ. ಅಲ್ಲಿ ಮಣ್ಣು ಬೇಗ ಬೆಚ್ಚಗಾಗಬೇಕು, ಬಗ್ಗದೆ ಕೆಲಸ ಮಾಡಬೇಕು. ನಮಗೆ ಮಣ್ಣು ಬೆಚ್ಚಗೆ ಮಾಡುವ ಅಗತ್ಯ ಇಲ್ಲ. ಇಲ್ಲಿ ಮಡಿ ಏರಿಸುವುದು ನೀರು ಹೊರಗೆ ಹೋಗಲಿ, ಆ ಜಾಗಕ್ಕೆ ಗಾಳಿ ಬರಲಿ ಅಂತ. ಇದೊಂದು ಮನಸ್ಸಿನಲ್ಲಿದ್ದರೆ ಮಣ್ಣಿನ ಮಿಶ್ರಣ, ಎತ್ತರ, ಅಂಚು, ಬಿತ್ತನೆ ಕಾಲ ಎಲ್ಲದರ ತೀರ್ಮಾನ ಸುಲಭವಾಗುತ್ತದೆ.

ಬೇರು ಉಸಿರಾಡುವುದು ಹೇಗೆ

ಎಲೆ ಬಿಸಿಲಲ್ಲಿ ಸಕ್ಕರೆ ತಯಾರಿಸುತ್ತದೆ. ಆ ಸಕ್ಕರೆ ಬೇರಿಗೆ ಇಳಿಯುತ್ತದೆ. ಬೇರು ಅದನ್ನು ಆಮ್ಲಜನಕದ ಜೊತೆ ಸುಟ್ಟು ಶಕ್ತಿ ಪಡೆಯುತ್ತದೆ, ಆ ಶಕ್ತಿಯಿಂದಲೇ ಮಣ್ಣಿನಿಂದ ಪೋಷಕಾಂಶ ಎಳೆಯುತ್ತದೆ. ಅಂದರೆ ಬೇರಿಗೂ ನಮ್ಮ ಹಾಗೇ ಉಸಿರು ಬೇಕು. ಮಣ್ಣಿನ ಕಣಗಳ ನಡುವೆ ಸಣ್ಣ ದೊಡ್ಡ ಸಂದುಗಳಿವೆ. ಸಣ್ಣ ಸಂದುಗಳಲ್ಲಿ ನೀರು ನಿಲ್ಲುತ್ತದೆ, ದೊಡ್ಡ ಸಂದುಗಳಿಂದ ನೀರು ಬಸಿದು ಹೋಗಿ ಗಾಳಿ ತುಂಬುತ್ತದೆ. ಎರಡೂ ಇದ್ದರೆ ಗಿಡ ಸುಖವಾಗಿರುತ್ತದೆ.

ಬಿಡದೆ ಮಳೆ ಹೊಯ್ದಾಗ ದೊಡ್ಡ ಸಂದುಗಳಲ್ಲೂ ನೀರೇ ತುಂಬುತ್ತದೆ. ನೀರಿನೊಳಗೆ ಆಮ್ಲಜನಕ ಹರಡುವ ವೇಗ, ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಬೇರು ಉಸಿರುಗಟ್ಟುತ್ತದೆ, ನೀರು ಎಳೆಯುವ ಕೆಲಸ ನಿಲ್ಲಿಸುತ್ತದೆ. ಅದಕ್ಕೇ ನೀರಲ್ಲೇ ನಿಂತ ಗಿಡ ನೀರಿಲ್ಲದ ಗಿಡದಂತೆ ಬಾಡುತ್ತದೆ. ಅತ್ತಿಗೆ ಮೋಸ ಹೋಗಿದ್ದು ಇಲ್ಲೇ. ಸತ್ತ ಬೇರಿಗೆ ಕೊಳೆಸುವ ಶಿಲೀಂಧ್ರಗಳು ಬಂದು ಸೇರಿಕೊಳ್ಳುತ್ತವೆ. ಆಮೇಲೆ ಹಾಕಿದ ಗೊಬ್ಬರ ಗಿಡಕ್ಕೆ ಹೊರೆಯೇ ಹೊರತು ಊಟವಲ್ಲ.

ಹಾಗಾದರೆ ಭತ್ತ ಹೇಗೆ ಬದುಕುತ್ತದೆ ಅಂತ ಕೇಳಬಹುದು. ಭತ್ತದ ಕಾಂಡ ಮತ್ತು ಬೇರಿನೊಳಗೆ ಗಾಳಿ ಹೋಗುವ ಕೊಳವೆಗಳಿವೆ. ಮೇಲಿನ ಗಾಳಿ ಅದರ ಮೂಲಕವೇ ಬೇರಿಗೆ ಇಳಿಯುತ್ತದೆ. ಮೆಣಸು, ಬದನೆ, ಬೀನ್ಸ್‌ಗೆ ಆ ಭಾಗ್ಯ ಇಲ್ಲ.

ಒಂದು ಮಡಿಯ ಮೇಲೆ ಬೀಳುವ ನೀರು

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಮಡಿ ಹೆಚ್ಚುಕಡಿಮೆ ಮೂರು ಚದರ ಮೀಟರ್ ಆಗುತ್ತದೆ. ದಿನಕ್ಕೆ 100 ಮಿ.ಮೀ. ಸುರಿದರೆ ಅದರ ಮೇಲೆ ಬೀಳುವುದು 300 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಇಪ್ಪತ್ತು ಕೊಡ ಸುರಿದ ಹಾಗೆ. ಮಲೆನಾಡಿನ ಜುಲೈನಲ್ಲಿ ಇಂಥ ದಿನ ಅಪರೂಪವಲ್ಲ.

ಎಲ್ಲ ಊರಿಗೂ ಒಂದೇ ಲೆಕ್ಕ ಹಾಕಬೇಡಿ. ಆಗುಂಬೆಯಲ್ಲಿ ಸರಾಸರಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಒಂದೇ ಜಿಲ್ಲೆಯಾದರೂ ಪೇಟೆಯವರ ಮಡಿ ಮುಕ್ಕಾಲು ಅಡಿ ಎತ್ತರ ಇದ್ದರೆ ನಡೆಯುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಒಂದೂವರೆ ಅಡಿಗೆ ಏರಿಸಿದರೆ ಒಳ್ಳೆಯದು.

ಎತ್ತರ ಯಾಕೆ ಮುಖ್ಯ, ತಳಕ್ಕೆ ಜಲ್ಲಿ ಯಾಕೆ ಬೇಡ

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಪೂರ್ತಿ ನೆನೆಸಿ. ಹಿಂಡದೆ, ಅಂಗೈ ಮೇಲೆ ಇಟ್ಟ ಹಾಗೆ ಅಡ್ಡಕ್ಕೆ ಹಿಡಿಯಿರಿ. ಒಂದಷ್ಟು ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಇನ್ನು ಬರುವುದಿಲ್ಲ ಅನ್ನಿಸಿದಾಗ ಅದೇ ಸ್ಪಂಜನ್ನು ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ಟಪಟಪ ಅಂತ ನೀರು ಇಳಿಯುತ್ತದೆ! ಸ್ಪಂಜು ಅದೇ, ನೀರೂ ಅದೇ. ಎತ್ತರ ಮಾತ್ರ ಬದಲಾಯಿತು.

ಮಣ್ಣಿನಲ್ಲೂ ಹಾಗೇ. ಎಷ್ಟೇ ಬಸಿದರೂ ತಳದಲ್ಲಿ ಒಂದು ಪದರ ಮಾತ್ರ ತೊಯ್ದೇ ಇರುತ್ತದೆ. ಆ ಪದರ ಎಷ್ಟು ದಪ್ಪ ಅನ್ನುವುದು ಮಣ್ಣಿನ ಕಣದ ಮೇಲೆ ನಿಂತಿದೆ, ಮಡಿಯ ಎತ್ತರದ ಮೇಲಲ್ಲ. ಅಂಟು ಮಣ್ಣಾದರೆ ದಪ್ಪ, ಮರಳು ಮಣ್ಣಾದರೆ ತೆಳು. ಹಾಗಾಗಿ ಮಡಿ ಎತ್ತರವಾದಷ್ಟೂ ಆ ತೊಯ್ದ ಪದರದ ಮೇಲೆ ಬೇರಿಗೆ ಸಿಗುವ ಗಾಳಿಯ ಜಾಗ ಜಾಸ್ತಿಯಾಗುತ್ತದೆ.

ನೀರು ಬಸಿಯಲಿ ಅಂತ ತಳಕ್ಕೆ ಜಲ್ಲಿ ಸುರಿಯುವವರು ತುಂಬಾ ಜನ. ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ, ಆದರೆ ಉಪಯೋಗವಿಲ್ಲ. ತಂತಿಗೆ ಹಾಕಿದ ಒದ್ದೆ ಸೀರೆ ನೋಡಿ. ಅಂಚಿನ ಕೆಳಗೆ ಬರೀ ಗಾಳಿ ಇದ್ದರೂ ಅಂಚಿನಲ್ಲಿ ನೀರು ಹಿಡಿದುಕೊಂಡೇ ಇರುತ್ತದೆ. ಬಟ್ಟೆಯ ಸಣ್ಣ ಸಂದುಗಳು ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಮಣ್ಣಿನ ಸಣ್ಣ ಸಂದುಗಳೂ ಪೂರ್ತಿ ತುಂಬಿ ತುಳುಕುವ ತನಕ ಜಲ್ಲಿಯ ದೊಡ್ಡ ಸಂದಿಗೆ ನೀರು ಬಿಡುವುದಿಲ್ಲ. ಆದ್ದರಿಂದ ತೊಯ್ದ ಪದರ ನೆಲದ ಮಟ್ಟದಲ್ಲಿ ಇರುವ ಬದಲು ಜಲ್ಲಿಯ ಮೇಲೆ ಬಂದು ಕೂರುತ್ತದೆ. ಅಷ್ಟು ಎತ್ತರ ಸುಮ್ನೆ ಹಾಳು. ಜಲ್ಲಿಗೆ ಕೊಡುವ ದುಡ್ಡಿನಲ್ಲಿ ಇನ್ನೊಂದು ಅರ್ಧ ಅಡಿ ಒಳ್ಳೆ ಮಣ್ಣು ಏರಿಸಿ.

ತಳಕ್ಕೆ ಸಿಮೆಂಟ್ ಬೇಡವೇ ಬೇಡ. ಇರುವ ನೆಲವನ್ನು ಒಂದು ಗುದ್ದಲಿ ಆಳಕ್ಕೆ ಅಗೆದು ಸಡಿಲ ಮಾಡಿ, ಅದರ ಮೇಲೆ ಮಡಿ ಏರಿಸಿ. ಆಗ ಮಡಿಯ ಮಣ್ಣಿಗೂ ನೆಲದ ಮಣ್ಣಿಗೂ ಸಂಬಂಧ ಕೂಡುತ್ತದೆ, ನೀರು ಕೆಳಗಿಳಿಯಲು ದಾರಿಯಾಗುತ್ತದೆ.

ಅಳತೆ ಮತ್ತು ಅಂಚು

ಅಗಲ ನಾಲ್ಕು ಅಡಿ ಮೀರಬಾರದು. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿಗೆ ಎಟುಕಬೇಕು, ಯಾಕೆಂದರೆ ಮಡಿಯ ಮೇಲೆ ಕಾಲಿಡುವಂತಿಲ್ಲ. ಒದ್ದೆ ಮಣ್ಣನ್ನು ಒಂದು ಸಲ ತುಳಿದರೂ ದೊಡ್ಡ ಸಂದುಗಳು ಮುಚ್ಚಿಹೋಗುತ್ತವೆ. ಗೋಡೆಗೆ ಒತ್ತಿಕೊಂಡ ಮಡಿಯಾದರೆ ಎರಡೇ ಅಡಿ ಅಗಲ ಸಾಕು. ಮಡಿಗಳ ನಡುವೆ ಒಂದೂವರೆ ಅಡಿ ದಾರಿ ಬಿಡಿ. ಮಳೆಗಾಲದಲ್ಲಿ ಆ ದಾರಿಯೇ ಬಸಿಗಾಲುವೆ, ಹಾಗಾಗಿ ಅದರ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಡಿ ಮಾಡುವ ಮೊದಲೇ ನೋಡಿಕೊಳ್ಳಿ. ಇಳಿಜಾರಿನ ಜಾಗವಾದರೆ ಮಡಿ ಇಳಿಜಾರಿಗೆ ಅಡ್ಡಲಾಗಿರಲಿ, ಮೇಲಿನ ಬದಿಯಲ್ಲಿ ಒಂದು ಕಾಲುವೆ ತೋಡಿ ಮೇಲಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿ.

ಅಂಚಿಗೆ ಕಾಸು ಸುರಿಯಬೇಕಿಲ್ಲ. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಎರಡು ಸಾಲು, ಹೊರಗಿನಿಂದ ಗೂಟ ಹೊಡೆದರೆ ಆಯಿತು. ಕೆಲವು ಮಳೆಗಾಲದ ನಂತರ ದಬ್ಬೆ ಲಡ್ಡಾಗಿ ಮುರಿಯುತ್ತದೆ, ಬದಲಾಯಿಸಬೇಕು. ಗಟ್ಟಿ ಬೇಕೆಂದರೆ ಜಂಬಿಟ್ಟಿಗೆ ಕಲ್ಲನ್ನು ಗಾರೆಯಿಲ್ಲದೆ ಜೋಡಿಸಿ. ಸಂದಿಯಲ್ಲಿ ನೀರು ಹೊರಗೆ ಬರುವುದು ದೋಷವಲ್ಲ, ನಮಗೆ ಬೇಕಾಗಿರುವುದೇ ಅದು.

ಬಿಸಿಲಿನ ವಿಚಾರ ಮರೆಯಬೇಡಿ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು, ಸೊಪ್ಪಿಗೆ ಮೂರು-ನಾಲ್ಕು ಗಂಟೆ ಆದರೂ ನಡೆಯುತ್ತದೆ. ಮರದ ನೆರಳೇ ಇರುವ ಜಾಗದಲ್ಲಿ ಕೆಸು, ಅರಿಶಿನ ಹಾಕಿ ಸಮಾಧಾನ ಮಾಡಿಕೊಳ್ಳುವುದು ಮೇಲು.

ಮಡಿಗೆ ಯಾವ ಮಣ್ಣು

ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದ, ಒಂದು ಅಡಿ ಎತ್ತರದ ಮಡಿಗೆ ಸುಮಾರು 900 ಲೀಟರ್ ಮಣ್ಣು ಬೇಕು. ಚೀಲದಲ್ಲಿ ಸಿಗುವ ಮಿಶ್ರಣ ಇಷ್ಟು ಕೊಳ್ಳುವುದು ದುಬಾರಿ, ಬೇಕಾಗಿಯೂ ಇಲ್ಲ. ನಮ್ಮ ಕೆಂಪು ಮಣ್ಣು ಎರಡು ಪಾಲು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ದರಗಿನ (ಒಣ ಎಲೆಯ) ಗೊಬ್ಬರ ಒಂದು ಪಾಲು. ಮಣ್ಣು ಅಂಟಾಗಿದ್ದರೆ ದಪ್ಪ ಮರಳು ಅರ್ಧ ಪಾಲು. ನಾರಿನ ಪುಡಿ ಬಿಸಿಲು ನಾಡಿಗೆ, ತಾರಸಿ ಕುಂಡಕ್ಕೆ ಒಳ್ಳೆಯದು. ಅದು ನೀರು ಹೀರಿ ಹಿಡಿದಿಡುತ್ತದೆ. ಜುಲೈನಲ್ಲಿ ನಮಗೆ ಅದೇ ಬೇಡವಾದ ಗುಣ.

ಹಸಿ ಅಡಿಕೆ ಸಿಪ್ಪೆ, ಮರದ ಹೊಟ್ಟು ಬೆರೆಸಬೇಡಿ. ಅದನ್ನು ಕಳಿಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು, ಗಿಡಕ್ಕೆ ಸಿಗಬೇಕಾದ್ದನ್ನೇ ಅವು ತಿಂದುಬಿಡುತ್ತವೆ. ಎಲೆ ಹಳದಿಯಾಗುತ್ತದೆ. ಸಿಪ್ಪೆಯನ್ನು ಸಗಣಿ ಜೊತೆ ಗೊಬ್ಬರಗುಂಡಿಗೆ ಹಾಕಿ, ಕಪ್ಪಗೆ ಪುಡಿಯಾದ ಮೇಲೆ ಬಳಸಿ. ಶುಂಠಿ ಕೊಳೆತ ಗದ್ದೆಯ ಮಣ್ಣನ್ನಂತೂ ಯಾರಾದರೂ ಪುಕ್ಕಟೆ ಕೊಟ್ಟರೂ ತರಬೇಡಿ. ಕಾರಣ ಮುಂದೆ ಇದೆ.

ಮಲೆನಾಡಿನ ಮಣ್ಣಿಗೆ ಇನ್ನೊಂದು ತೊಂದರೆ ಇದೆ: ಹುಳಿ. ಒಂದೇ ಚಹಾಪುಡಿಗೆ ಹತ್ತು ಸಲ ನೀರು ಹಾಕಿ ಸೋಸಿದರೆ ಕೊನೆಗೆ ಸತ್ವ ಉಳಿಯುವುದಿಲ್ಲ ಅಲ್ವಾ? ಸಾವಿರಾರು ವರ್ಷದ ಮಳೆ ನಮ್ಮ ಮಣ್ಣಿನ ಸುಣ್ಣದಂಶವನ್ನು ಹಾಗೇ ತೊಳೆದಿದೆ. ಕಬ್ಬಿಣ, ಅಲ್ಯೂಮಿನಿಯಂ ಉಳಿದಿವೆ. ಮಣ್ಣಿನ ಕೆಂಪು ಬಣ್ಣ ಆ ಕಬ್ಬಿಣದ್ದೇ. ಹುಳಿ ಮಣ್ಣಿನಲ್ಲಿ ಇವೆರಡೂ ರಂಜಕವನ್ನು ಹಿಡಿದು ಕಟ್ಟಿಹಾಕುತ್ತವೆ. ಗೊಬ್ಬರ ಹಾಕಿದರೂ ಗಿಡಕ್ಕೆ ಸಿಗುವುದಿಲ್ಲ.

ಹುಳಿ ಅಳೆಯುವ ಮಾಪನಕ್ಕೆ ಪಿಎಚ್ ಎನ್ನುತ್ತಾರೆ. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಒಂದು ಅಂಕಿ ಕೆಳಗಿಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ಹೆಚ್ಚಿನ ತರಕಾರಿಗಳಿಗೆ 6ರಿಂದ 7ರ ಒಳಗೆ ಇಷ್ಟ. ನಮ್ಮ ಕಡೆಯ ಮಣ್ಣು 5ರ ಆಸುಪಾಸಿನಲ್ಲೂ ಸಿಗುತ್ತದೆ. ಶಿವಮೊಗ್ಗದ ನವಿಲೆಯಲ್ಲಿ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಇವೆ, ಮಣ್ಣು ಪರೀಕ್ಷೆಯ ಬಗ್ಗೆ ಅಲ್ಲಿ ವಿಚಾರಿಸಬಹುದು. ಹುಳಿ ಇದೆ ಅಂತ ಗೊತ್ತಾದರೆ ಚದರ ಮೀಟರಿಗೆ 200 ಗ್ರಾಂ ಆಸುಪಾಸು ಕೃಷಿ ಸುಣ್ಣದಿಂದ ಶುರು ಮಾಡಿ, ನೆಡುವ ಎರಡು-ಮೂರು ವಾರ ಮೊದಲೇ ಮಣ್ಣಿಗೆ ಬೆರೆಸಿ. ಸುಣ್ಣ ಮತ್ತು ಹಸಿ ಗೊಬ್ಬರ ಒಟ್ಟಿಗೆ ಬೇಡ, ಸಾರಜನಕ ಘಾಟಾಗಿ ಗಾಳಿಗೆ ಹಾರಿಹೋಗುತ್ತದೆ. ಬಚ್ಚಲೊಲೆ ಬೂದಿಯೂ ಹುಳಿ ತಗ್ಗಿಸುತ್ತದೆ, ಜೊತೆಗೆ ಪೊಟ್ಯಾಷ್ ಕೊಡುತ್ತದೆ. ಹಳೆಯವರು ಬಸಳೆ ಬುಡಕ್ಕೆ ಬೂದಿ ಹಾಕುತ್ತಿದ್ದುದು ಸುಮ್ನೆ ಅಲ್ಲ.

ಮಳೆಗಾಲದಲ್ಲಿ ಗೊಬ್ಬರವನ್ನು ಒಂದೇ ಸಲ ಸುರಿದರೆ ಕಾಲುವೆ ಪಾಲಾಗುತ್ತದೆ. ಹದಿನೈದು ದಿನಕ್ಕೊಮ್ಮೆ, ಮಳೆ ಬಿಟ್ಟು ಹೊಳವಾದಾಗ, ಗಿಡಕ್ಕೊಂದು ಹಿಡಿ ಕೊಡಿ.

ಯಾವ ಮಳೆಗೆ ಯಾವ ಬೀಜ

ನಮ್ಮಲ್ಲಿ ಕ್ಯಾಲೆಂಡರಿಗಿಂತ ಮಳೆ ನಕ್ಷತ್ರದ ಲೆಕ್ಕ ಕೈಗೆ ಸುಲಭ. ಮೇ ಕೊನೆಯಲ್ಲಿ ರೋಹಿಣಿ ಹುಟ್ಟುತ್ತದೆ. ಸೌತೆ, ಹಾಗಲ, ಹೀರೆ, ಪಡುವಲ, ಬೆಂಡೆ, ಅಲಸಂದೆ ಬೀಜ ಆಗಲೇ ಮಣ್ಣಿಗೆ ಬೀಳಬೇಕು. ಜೂನ್ ಕೊನೆಗೆ ಆರಿದ್ರಾ ಬರುವಷ್ಟರಲ್ಲಿ ಬಳ್ಳಿ ಚಪ್ಪರ ಹತ್ತಿರಬೇಕು. ಎರಡೆಲೆಯ ಸಸಿಯಾಗಿದ್ದಾಗ ಪುನರ್ವಸು, ಪುಷ್ಯ ಮಳೆಯ ಕೈಗೆ ಸಿಕ್ಕಿದರೆ ಕೊಳೆತು ಹೋಗುತ್ತದೆ. ಬಳ್ಳಿಗಳ ಬೀಜವನ್ನು ರಾತ್ರಿ ನೆನೆಸಿ, ಒಂದು ಗುಣಿಗೆ ಮೂರರಂತೆ ಊರಿ, ಕೊನೆಗೆ ಗಟ್ಟಿಯಾದದ್ದನ್ನು ಉಳಿಸಿಕೊಳ್ಳಿ. ಹರಿವೆ ಬೀಜ ಸಣ್ಣ, ಮರಳಲ್ಲಿ ಬೆರೆಸಿ ಉದುರಿಸಿದರೆ ಒತ್ತೊತ್ತಾಗಿ ಬೀಳುವುದಿಲ್ಲ. ಬಸಳೆಗೆ ಬೀಜವೇ ಬೇಡ, ಪಕ್ಕದ ಮನೆಯಿಂದ ಗೇಣುದ್ದದ ಬಳ್ಳಿ ತುಂಡು ತಂದು ನೆಟ್ಟರೆ ಸಾಕು.

ಟೊಮೆಟೊ, ಎಲೆಕೋಸು, ಮೂಲಂಗಿ, ಕೊತ್ತಂಬರಿ, ಬೀನ್ಸ್ ಇವನ್ನೆಲ್ಲ ಮಳೆ ಇಳಿದ ಮೇಲೆ ಇಟ್ಟುಕೊಳ್ಳಿ. ಸೆಪ್ಟೆಂಬರ್ ಕೊನೆಗೆ ಹಸ್ತಾ ಮಳೆ ಹೊತ್ತಿಗೆ ಸಸಿ ತಯಾರಿದ್ದರೆ ಅಕ್ಟೋಬರಿನಿಂದ ಫೆಬ್ರುವರಿ ತನಕ ಒಳ್ಳೆ ಕಾಲ. ನನ್ನ ಅನುಭವದಲ್ಲಿ ಏರುಮಡಿ ಶುರು ಮಾಡುವವರಿಗೆ ಇದೇ ಸರಿಯಾದ ಸಮಯ, ಮಳೆಯ ಎದುರು ಮೊದಲ ಪಾಠ ಬೇಡ. ಜುಲೈನಲ್ಲೂ ಟೊಮೆಟೊ ಬೇಕೇಬೇಕು ಅನ್ನುವವರು ಮಡಿಯ ಮೇಲೆ ಬಿದಿರು ಗಳ ಕಟ್ಟಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮಾಡು ಮಾಡಬೇಕು, ಬದಿಗಳು ತೆರೆದಿರಬೇಕು. ಎಲೆ ಒದ್ದೆಯಾಗಿದ್ದಷ್ಟು ಹೊತ್ತೂ ಅಂಗಮಾರಿ ರೋಗಕ್ಕೆ ಹಬ್ಬ. ಅಡಿಕೆಗೆ ಬರುವ ಕೊಳೆರೋಗದ ಬಳಗದ್ದೇ ಒಂದು ರೋಗಾಣು ಟೊಮೆಟೊಗೂ ಬರುತ್ತದೆ ಎಂದರೆ ಮಲೆನಾಡಿನವರಿಗೆ ಜಾಸ್ತಿ ಹೇಳಬೇಕಾಗಿಲ್ಲ.

ಹಸಿರಾಗಿರುವಾಗಲೇ ಬಾಡುವ ಗಿಡ

ಇದು ಬೇರೆ ಕಾಯಿಲೆ. ನಿನ್ನೆ ಸಂಜೆ ಚೆನ್ನಾಗಿದ್ದ ಬದನೆ ಗಿಡ ಇವತ್ತು ಮಧ್ಯಾಹ್ನ ಎಲೆ ಹಳದಿಯಾಗದೆ, ಹಸಿರಿರುವಾಗಲೇ ಜೋತು ಬೀಳುತ್ತದೆ. ಎರಡು-ಮೂರು ದಿನಕ್ಕೆ ಪೂರ್ತಿ ಹೋಗುತ್ತದೆ. ಇದು ದುಂಡಾಣು ಸೊರಗು ರೋಗ. ಬ್ಯಾಕ್ಟೀರಿಯಾ ಮಣ್ಣಿನಿಂದ ಬೇರಿಗೆ ನುಗ್ಗಿ, ನೀರು ಏರುವ ಕೊಳವೆಗಳಲ್ಲಿ ಸಂಸಾರ ಹೂಡಿ ದಾರಿ ಕಟ್ಟುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಗಾಜಿನ ಲೋಟ ಸಾಕು. ಬುಡದ ಹತ್ತಿರ ಕಾಂಡವನ್ನು ಚೂಪು ಚಾಕುವಿನಲ್ಲಿ ಕತ್ತರಿಸಿ. ಲೋಟದ ತುಂಬ ತಿಳಿನೀರು ಹಾಕಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಕಾಂಡವನ್ನು ತೂಗಿ ಹಿಡಿಯಿರಿ. ಅಲ್ಲಾಡಿಸಬೇಡಿ. ಕೆಲವೇ ನಿಮಿಷದಲ್ಲಿ ತುದಿಯಿಂದ ಹಾಲಿನಂಥ ಬಿಳಿ ಎಳೆ ನಿಧಾನವಾಗಿ ನೀರಿನೊಳಗೆ ಇಳಿಯುವುದು ಕಾಣುತ್ತದೆ. ಅದು ಬ್ಯಾಕ್ಟೀರಿಯಾದ ದಂಡು. ಎಳೆ ಬರಲಿಲ್ಲ ಎಂದರೆ ಬೇರು ಕೊಳೆಯೋ, ನೀರಿನ ತೊಂದರೆಯೋ ಇರಬಹುದು.

ಬಂದ ಮೇಲೆ ಮನೆಮಟ್ಟಿಗೆ ಔಷಧಿ ಇಲ್ಲ. ಗಿಡವನ್ನು ಬೇರು, ಬುಡದ ಮಣ್ಣು ಸಮೇತ ತೆಗೆದು ದೂರ ಹಾಕಿ ಸುಡಿ, ಗೊಬ್ಬರಗುಂಡಿಗೆ ಹಾಕಬೇಡಿ. ಆ ಮಡಿಯಲ್ಲಿ ಕನಿಷ್ಠ ಮೂರು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಬೇಡ. ನಾಲ್ಕೂ ಒಂದೇ ಕುಟುಂಬದವು. ಶುಂಠಿಗೂ ಇದೇ ಜಾತಿಯ ಬ್ಯಾಕ್ಟೀರಿಯಾದಿಂದ ಸೊರಗು ಬರುತ್ತದೆ. ಕೊಳೆತ ಶುಂಠಿ ಗದ್ದೆಯ ಮಣ್ಣು ಬೇಡ ಎಂದಿದ್ದು ಇದಕ್ಕೇ. ಹರಿಯುವ ನೀರಿನ ಜೊತೆ ರೋಗ ಮಡಿಯಿಂದ ಮಡಿಗೆ ದಾಟುತ್ತದೆ, ಆದ್ದರಿಂದ ಕಾಲುವೆ ಚೆನ್ನಾಗಿದ್ದಷ್ಟೂ ಒಳ್ಳೆಯದು. ತಡೆದುಕೊಳ್ಳುವ ತಳಿಗಳೂ ಇವೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಈ ಸೊರಗು ರೋಗ, ಎಲೆ ಮುಟುರು ರೋಗ, ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆದುಕೊಳ್ಳುವಂತೆ ಮಾಡಿದ ತಳಿ. ಅದು ಹೈಬ್ರಿಡ್, ಹಣ್ಣಿನ ಬೀಜ ತೆಗೆದಿಟ್ಟರೆ ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ.

ಬಸವನಹುಳು

ಮಳೆಗಾಲದಲ್ಲಿ ರಾತ್ರಿ ಟಾರ್ಚ್ ಹಿಡಿದು ಹೋದರೆ ಎಲ್ಲಿ ನೋಡಿದರೂ ಅವೇ. ಒದ್ದೆ ಗೋಣಿಚೀಲದ ಮೇಲೆ ಪಪ್ಪಾಯಿ ಸಿಪ್ಪೆ, ಎಲೆಕೋಸಿನ ಎಲೆ ಇಟ್ಟರೆ ಬೆಳಿಗ್ಗೆ ಅಲ್ಲಿ ಗುಂಪುಗೂಡಿರುತ್ತವೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕಿ. ಉಪ್ಪನ್ನು ಮಡಿಯ ಮೇಲೇ ಎರಚಿದರೆ ಮಣ್ಣು ಕೆಡುತ್ತದೆ.

ಬೇಸಿಗೆಯಲ್ಲಿ ಅದೇ ಮಡಿ

ಫೆಬ್ರುವರಿ ಕಳೆಯಿತೆಂದರೆ ಲೆಕ್ಕ ತಿರುಗುಮುರುಗು. ಮಳೆಗಾಲದಲ್ಲಿ ಕಾಪಾಡಿದ ಎತ್ತರವೇ ಈಗ ಮಡಿಯನ್ನು ಬೇಗ ಒಣಗಿಸುತ್ತದೆ, ಬದಿಗಳಿಗೂ ಬಿಸಿಲು ಗಾಳಿ ತಾಗುತ್ತದೆ. ಹಗಲು 35 ಡಿಗ್ರಿ ದಾಟಿದರೆ ಟೊಮೆಟೊ ಹೂ ಕಾಯಿ ಕಟ್ಟದೆ ಉದುರುತ್ತದೆ. ಶಿವಮೊಗ್ಗ ಪೇಟೆಯ ಏಪ್ರಿಲ್ಲಿಗೆ ಬೆಂಡೆ, ಹರಿವೆ, ಅಲಸಂದೆ, ಬಸಳೆ ಸಾಕು.

ಆಗ ಬೇಕಾಗುವುದು ಹೊದಿಕೆ. ಅಡಿಕೆ ಸೋಗೆ, ದರಗು, ಬ್ಯಾಣದ ಕರಡ (ಹುಲ್ಲುಗಾವಲಿನ ಒಣಹುಲ್ಲು) ಯಾವುದಾದರೂ ಸರಿ, ನಾಲ್ಕು ಬೆರಳು ದಪ್ಪ ಹೊದಿಸಿ. ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಿ. ನೀರು ಬೆಳಿಗ್ಗೆ ಹಾಕಿ, ದಿನಾ ಚಿಮುಕಿಸುವ ಬದಲು ಎರಡು ದಿನಕ್ಕೊಮ್ಮೆ ಆಳಕ್ಕಿಳಿಯುವಂತೆ ಹಾಕಿ. ಬೇಕೋ ಬೇಡವೋ ತಿಳಿಯಲು ಹೊದಿಕೆ ಸರಿಸಿ ತೋರುಬೆರಳನ್ನು ಎರಡು ಗೆಣ್ಣು ಆಳಕ್ಕೆ ಚುಚ್ಚಿ ನೋಡಿ. ತುದಿಗೆ ತಂಪು ತಾಗಿ ಮಣ್ಣು ಅಂಟಿದರೆ ಇವತ್ತು ನೀರು ಬೇಡ.

ಮೇ ಹೊತ್ತಿಗೆ ಹೊದಿಕೆ ಕಳಿತು ಮಡಿ ಎರಡು ಬೆರಳಾದರೂ ಕುಗ್ಗಿರುತ್ತದೆ. ಉಳಿದ ಸೋಗೆಯನ್ನು ದಾರಿಗೆ ಎಳೆದು ಹಾಕಿ, ಎರಡು ಇಂಚು ಹೊಸ ಗೊಬ್ಬರ ಏರಿಸಿ, ಕಾಲುವೆಯ ಹೂಳು ಎತ್ತಿ. ರೋಹಿಣಿಗೆ ಸೌತೆ ಬೀಜ ಊರಬೇಕಲ್ಲ.